ರೇಡಿಯೇಟರಿಗೆ ಬರೀ ನೀರು

ಲದಾಖ್, ಶನಿವಾರ ಮಧ್ಯಾಹ್ನ

ಪ್ರೀತಿಯ ರಶ್ಮಕ್ಕ,

ಹಕ್ಕಿಗಳನ್ನು ಕ್ಯಾಮೆರಾದಲ್ಲಿ ಹಿಡಿಯಲು ಬಂದ ನಿನ್ನ ಗಂಡನನ್ನು ಈಗ ನಾನು ಹಿಡಿದುಕೊಂಡು ಕೂತಿದ್ದೇನೆ. ದಾವಣಗೆರೆಯ ರೂಢಿಯಂತೆ ಕಾರಿನ ರೇಡಿಯೇಟರಿಗೆ ನಾನು ಬರೀ ನೀರು ತುಂಬಿದ್ದೆ. ರಾತ್ರಿಯ ಚಳಿಗೆ ಅದು ಹೆಪ್ಪುಗಟ್ಟಿ ಎಂಜಿನ್ ಸೀಳಿತು. ಭಾವನಿಗೆ ಬೆಳಗಿನಿಂದ ಉಸಿರು ಸಾಲುತ್ತಿಲ್ಲ. ಸುತ್ತಲಿನ ಹಿಮ ನೋಡುತ್ತಾ, "ಹರಿಹರದ ಸೇತುವೆ ದಾಟಿದ್ವೇನೋ?" ಎಂದು ಕೇಳಿದರು.

"ಹ್ಞೂಂ ಭಾವ, ಇನ್ನೇನ್ ಮನೀನೇ ಬಂತು," ಅಂದೆ. ನಗಲಿಲ್ಲ, ನಂಬಿದರು. ಅದಕ್ಕೇ ನನಗೆ ಭಯ.

ಸಿಕ್ಕ ಲಾರಿಯಲ್ಲಿ ಒಬ್ಬರಿಗಷ್ಟೇ ಜಾಗವಿದೆ. ಅವರನ್ನು ಲೇಹ್ ಆಸ್ಪತ್ರೆಗೆ ಕಳಿಸುತ್ತಿದ್ದೇನೆ. ಸಿಗ್ನಲ್ ಬಂದ ಕಡೆ ಡ್ರೈವರ್ ಈ ಪತ್ರದ ಫೋಟೊ ನಿನಗೆ ಕಳಿಸುತ್ತಾನೆ. ತಕ್ಷಣ ಅವನಿಗೆ ಫೋನ್ ಮಾಡಿ, ಭಾವನ ಕೈಗೆ ಕೊಡಿಸಿ, ಚೆನ್ನಾಗಿ ಬೈಯಿ. ತಿರುಗಿ ಬೈದರೆ ನಿನ್ನ ಗುರುತು ಸಿಕ್ಕಿದೆ ಎಂದರ್ಥ. ಸುಮ್ಮನೆ ಕೇಳಿಸಿಕೊಂಡರೆ ಮಾತ್ರ, ಅಕ್ಕಾ, ಲೇಹ್ ಮುಟ್ಟುವವರೆಗೂ ಬೈಯುವುದನ್ನು ನಿಲ್ಲಿಸಬೇಡ.

ಕಾರಿನ ಬಳಿಯೇ ಇರುವ
ನಿನ್ನ ತಮ್ಮ ರೇವಂತ್