ಕೆಲಸಕ್ಕೆ ಬಾರದ ಚಾಕು

ಮಾರ್ಚ್ ೧೧, ಮಂಗಳವಾರ ಸಂಜೆ

ನಮ್ಮ ಮನೆಯವರಿಗೆ,

ನಮಸ್ಕಾರ. ಮನೆಯಲ್ಲೇ ಇಲ್ಲದವರನ್ನು ಮನೆಯವರು ಎಂದು ಕರೆಯುವುದು ಒಂದು ಥರ ತಮಾಷೆಯಾಗಿದೆ. ಆದರೆ ಬೇರೇನು ಬರೆಯಬೇಕೋ ತೋಚಲಿಲ್ಲ. ಹೆಸರು ಹಿಡಿದು ಕರೆದ ಅಭ್ಯಾಸ ನನಗಿಲ್ಲ. ‘ರೀ’ ಎಂದು ಕೂಗಿದರೆ ಓಗೊಡುವಷ್ಟು ಹತ್ತಿರದಲ್ಲಿ ನೀವಿಲ್ಲ.

ನೀವು ಬುಗುರಿಗೆ ಕಳಿಸಿದ ಪೊಟ್ಟಣ ಫೋಟೊ ಕಟ್ಟಿನ ಅಂಗಡಿಗೇ ಬಂತು. ಊಟದ ಬಿಡುವಿನಲ್ಲಿ ಬಿಚ್ಚಿ ನೋಡಿದೆ. ಮಗಳ ಹುಟ್ಟುಹಬ್ಬ ನೆನಪಿಟ್ಟುಕೊಂಡಿದ್ದೀರಿ, ಸಂತೋಷ. ಚಾಕು ಚೆನ್ನಾಗಿದೆ. ಮಡಚಿದರೆ ಅವಳ ಅಂಗೈಯಲ್ಲಿ ಅಡಗಿಹೋಗುವಷ್ಟು ಚಿಕ್ಕದು, ಹಿಡಿಯ ಕೆಂಪು ಬಣ್ಣ ಅವಳಿಗೆ ಇಷ್ಟವಾಗುವಂಥದ್ದೇ. ಆದರೆ ಜೊತೆಗಿಟ್ಟ ಚೀಟಿಯಲ್ಲಿ ನೀವು ಬರೆದದ್ದನ್ನು ಓದಿ ನನಗೆ ಮೈಯೆಲ್ಲ ಉರಿದುಹೋಯಿತು. “ಬುಗುರಿಗೆ, ಅಪ್ಪನಿಂದ. ಇನ್ನು ನೀನು ದೊಡ್ಡವಳು. ಅಮ್ಮನಿಗೆ ಕೆಲಸದಲ್ಲಿ ಕೈಜೋಡಿಸು.” ಇಷ್ಟೇ. ನಿಮ್ಮ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ ಎಂದು ಗೊತ್ತು. ಆದರೂ ಆ ಚಾಕುವನ್ನು ಹಾಗೇ ಸುತ್ತಿ ನಿಮಗೇ ವಾಪಸು ಕಳಿಸಿಬಿಡೋಣ ಎಂದುಕೊಂಡೆ. ಅಂಚೆ ಕಚೇರಿಯ ಸಾಲಿನಲ್ಲಿ ನಿಂತೂ ಆಯಿತು. ಸರದಿ ಬರುವ ಹೊತ್ತಿಗೆ ಕಾಲು ಸೋತು, ಮನಸ್ಸೂ ಸೋತು, ಹಿಂದಕ್ಕೆ ಬಂದೆ.

ಈಗ ಮನೆಯಲ್ಲಿ ಕೂತಿದ್ದೇನೆ. ಇವತ್ತು ಅಂಗಡಿಯಲ್ಲಿ ಯಾವುದೋ ಶಾಲೆಯವರ ಗುಂಪು ಫೋಟೊಗಳು, ಎಲ್ಲಕ್ಕೂ ಒಂದೇ ಅಳತೆಯ ಕಟ್ಟು. ದಿನವಿಡೀ ನಿಂತೇ ರಟ್ಟು ಕತ್ತರಿಸಿದೆ. ಅಡುಗೆ ಮಾಡುವ ತ್ರಾಣವಿರಲಿಲ್ಲ, ಬ್ರೆಡ್ಡು ತಿಂದೆವು. ತಿಂದಾದ ಮೇಲೆ ಬುಗುರಿ ತಾನಾಗಿ ಎದ್ದು ತಟ್ಟೆಗಳನ್ನು ತೊಳೆದಿಟ್ಟಳು. ಹೇಳಿದ್ದಲ್ಲ, ಕೇಳಿದ್ದಲ್ಲ. ಒಂದು ಕಡೆ ನಿಲ್ಲದ ಹುಡುಗಿ ಎಂದು ನೀವೇ ಬುಗುರಿ ಎಂದು ಕರೆದಿರಿ. ನೀವು ಹೋದ ಮೇಲೆ ಅವಳು ನಿಂತುಬಿಟ್ಟಿದ್ದಾಳೆ. ನಾನು ಒಳಗೆ ಕಾಲಿಡುತ್ತಲೇ ಬಾಗಿಲ ಹತ್ತಿರ ಬಂದು ನಿಂತು, “ಅಮ್ಮಾ, ನಾನೇನು ಮಾಡ್ಲಿ?” ಎಂದು ಕೇಳುತ್ತಾಳೆ. ಆ ಮಾತು ನನಗೆ ಕೇಳಲಾಗುವುದಿಲ್ಲ. ಯಾಕೆ ಎಂದು ನಿಮಗೆ ತಿಳಿಯಬೇಕಾದರೆ, ನನ್ನ ಮೊದಲ ಚಾಕುವಿನ ವಿಷಯ ಹೇಳಬೇಕು. ಇಷ್ಟು ವರ್ಷ ಸಂಸಾರ ಮಾಡಿದರೂ ಇದನ್ನು ನಿಮಗೆ ಹೇಳಿಲ್ಲ.

ನಮ್ಮಪ್ಪ ವೈರ್‌ಮನ್ ಆಗಿದ್ದದ್ದು ನಿಮಗೆ ಗೊತ್ತು. ಹೊಸ ಮನೆಗಳಿಗೆ, ಅಂಗಡಿಗಳಿಗೆ ಕರೆಂಟಿನ ತಂತಿ ಎಳೆಯುವ ಕೆಲಸ. ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಇಸ್ತ್ರಿ ಮಾಡುತ್ತಿದ್ದಳು. ನಾನು ಈಗಿನ ಬುಗುರಿಯಷ್ಟೇ ಇದ್ದಾಗ ಅಪ್ಪನಿಗೆ ಒಂದು ಗೋದಾಮಿನಲ್ಲಿ ಶಾಕ್ ಹೊಡೆಯಿತು. ಏಣಿಯಿಂದ ಬಿದ್ದ. ಮೂಟೆಗಳ ಮೇಲೆ ಬಿದ್ದದ್ದರಿಂದ ಉಳಿದ. ಕೆಲವು ವಾರ ಮಲಗಿ ಎದ್ದ. ಮೈ ಪೂರ್ತಿ ಸರಿಹೋಯಿತು ಎಂದು ಎಲ್ಲರಿಗೂ ಹೇಳಿದ. ಅಮ್ಮ ಊರಿಗೆಲ್ಲ ಹೇಳಿಕೊಂಡು ಓಡಾಡಿದಳು. ಆಗ ಅವಳ ಮುಖ ನೋಡಬೇಕಿತ್ತು ನೀವು.

ಅದಾದ ಕೆಲವು ದಿನಕ್ಕೆ ಅಪ್ಪ ನನ್ನನ್ನು ಮೆಟ್ಟಿಲ ಕೆಳಗೆ ಕರೆದು, ಅಂಗಿಯ ಜೇಬಿನಿಂದ ಒಂದು ಮಡಚುವ ಚಾಕು ತೆಗೆದು ಕೈಗಿಟ್ಟ. ಹೊಸದು. ಮರದ ಹಿಡಿ, ಒಂದೇ ಅಲಗು, ತೆರೆಯಲು ಉಗುರು ಸಿಕ್ಕಿಸುವ ಒಂದು ಗೀರು. “ನಿಂಗೇ ಇದು. ಯಾರಿಗೂ ಕೊಡ್ಬೇಡ” ಎಂದ. ನನಗೆ ಆಕಾಶ ಮೂರೇ ಗೇಣು. ನಮ್ಮ ಬೀದಿಯ ಗಂಡು ಹುಡುಗರಲ್ಲೂ ಯಾರ ಹತ್ತಿರವೂ ಅಂಥದ್ದಿರಲಿಲ್ಲ. ಅಮ್ಮ ನೋಡಿ ರೇಗಿದಳು. “ಈ ವಯಸ್ಸಿಗೆ ಚಾಕು ಕೊಡ್ತಾರೇನ್ರೀ? ಮುದ್ದು ಮಾಡಿ ಮಾಡಿ ಕೆಡಿಸ್ತಿದ್ದೀರಿ ಅವಳನ್ನ” ಎಂದಳು. ಅಪ್ಪ ನಕ್ಕ, ಅಷ್ಟೆ. ಅಪ್ಪ ನನ್ನ ಪರ ನಿಂತ ಎಂದು ನಾನು ಬೀಗಿದೆ.

ಮುಂದಿನ ರಜಾ ದಿನ ಅಪ್ಪ ನನ್ನನ್ನು ಕೆಲಸಕ್ಕೆ ಕರೆದುಕೊಂಡು ಹೋದ. “ಬಾ, ಚಾಕು ಹಿಡಿಯೋದು ಕಲಿಸ್ತೀನಿ” ಎಂದ. ಕಟ್ಟಿ ಮುಗಿಯದ ಮನೆಯೊಂದರ ನೆಲದ ಮೇಲೆ ಕೂರಿಸಿ, ತಂತಿಯ ತುದಿ ಕೈಗೆ ಕೊಟ್ಟು, “ಪೆನ್ಸಿಲ್ ಹೆರೆಯೋ ಹಾಗೆ ಓರೆಯಾಗಿ ಹಿಡಿ. ನೇರ ಒತ್ತಿದ್ರೆ ಒಳಗಿನ ತಾಮ್ರಕ್ಕೆ ಗಾಯ ಆಗುತ್ತೆ” ಎಂದು ಹೇಳಿಕೊಟ್ಟ. ನಾನು ಸಿಪ್ಪೆ ಸುಲಿದೆ. ಕೆಂಪು ಸಿಪ್ಪೆಯೊಳಗಿಂದ ಹೊಳೆಯುವ ತಾಮ್ರ ಹೊರಗೆ ಬಂದಾಗ ಎಷ್ಟು ಖುಷಿಯಾಯಿತು! ಇನ್ನೊಂದು, ಮತ್ತೊಂದು ಎಂದು ನಾನೇ ಕೇಳಿ ಇಸಿದುಕೊಂಡೆ. ಸಂಜೆಯ ಹೊತ್ತಿಗೆ ಬೆರಳಲ್ಲಿ ಬೊಬ್ಬೆ ಎದ್ದಿತ್ತು.

ಅದರ ಮುಂದಿನ ರಜೆಗೂ ಹೋದೆ. ಅದರ ಮುಂದಿನ ರಜೆಗೂ. ಹಾಗೆ ಹೋಗಿ ಬರುತ್ತಾ ಒಂದು ದಿನ ನೋಡಿದೆ. ಅಪ್ಪ ಟೀ ಲೋಟವನ್ನು ಎರಡೂ ಕೈಯಲ್ಲಿ ಅಪ್ಪಿಹಿಡಿದು ಕುಡಿಯುತ್ತಿದ್ದ. ಆದರೂ ಟೀ ತುಳುಕುತ್ತಿತ್ತು. ನಾನು ನೋಡಿದ್ದನ್ನು ಅವನೂ ನೋಡಿದ. “ಬಿಸಿ ಜಾಸ್ತಿ ಇದೆ” ಎಂದ. ಲೋಟ ಕೆಳಗಿಟ್ಟು, “ಅಮ್ಮನಿಗೆ ಹೇಳ್ಬೇಡ ಮಗಾ. ಪಾಪ, ಹೆದರ್ಕೋತಾಳೆ” ಎಂದ.

ನಾನು ಹೇಳಲಿಲ್ಲ. ಚಾಕು ಯಾಕೆ ಬಂತು ಎಂದು ಆಗ ಅರ್ಥವಾಯಿತು. ಅಪ್ಪನ ಕೈಗೆ ಬೇರೆ ಕೈ ಬೇಕಿತ್ತು. ಕೂಲಿ ಕೊಟ್ಟು ಆಳನ್ನು ಇಟ್ಟುಕೊಂಡರೆ ವಿಷಯ ಹೊರಗೆ ಬೀಳುತ್ತದೆ, ವೈರ್‌ಮನ್ ಕೈ ನಡುಗುತ್ತದೆ ಎಂದರೆ ಯಾರೂ ಕೆಲಸ ಕೊಡುವುದಿಲ್ಲ. ಅದಕ್ಕೇ ನಾನು. ಕೈ ನಿಲ್ಲಬೇಕಾದ ಕೆಲಸವನ್ನೆಲ್ಲ ನನ್ನ ರಜೆಗೆ ಎತ್ತಿಡುತ್ತಿದ್ದ. ಅಪ್ಪನಿಗೆ ನನ್ನ ಮೇಲೆ ಪ್ರೀತಿ ಇರಲಿಲ್ಲ ಎನ್ನುತ್ತಿಲ್ಲ. ಪ್ರೀತಿ ಇತ್ತು, ಬಹಳ ಇತ್ತು. ಆದರೆ ಆ ಪ್ರೀತಿಯನ್ನೂ ಕೆಲಸಕ್ಕೆ ಹಚ್ಚಿದ. ಹೊರಗೆ ಮಕ್ಕಳು ಕುಂಟಾಬಿಲ್ಲೆ ಆಡುವ ಸದ್ದು ಕೇಳುತ್ತಿತ್ತು. ನಾನು ಒಳಗೆ ಕೂತು ತಂತಿ ಸುಲಿಯುತ್ತಿದ್ದೆ. ಮೆಲ್ಲಗೆ ಸ್ವಿಚ್ಚಿನ ಹಲಗೆ ಜೋಡಿಸುವುದಕ್ಕೂ ಬಂತು, ಏಣಿ ಹತ್ತುವುದಕ್ಕೂ ಬಂತು. ದೊಡ್ಡವರೆಲ್ಲ ಜಾಣೆ, ಜಾಣೆ ಎನ್ನುತ್ತಿದ್ದರು. ನಾನು ಮಾತ್ರ ತರಗತಿಯಲ್ಲಿ ಕೂತಲ್ಲೇ ತೂಕಡಿಸುತ್ತಿದ್ದೆ. ನೀವು ಸದಾ ಕೇಳುತ್ತಿದ್ದಿರಲ್ಲ, ‘ಯಾವಾಗ ನೋಡಿದರೂ ಸುಸ್ತು ಅಂತೀಯಲ್ಲೇ’ ಎಂದು? ಆ ಸುಸ್ತು ಆಗಿನದು. ಇನ್ನೂ ಇಳಿದಿಲ್ಲ.

ಕೊನೆಗೆ ಅಮ್ಮನಿಗೆ ಗೊತ್ತಾದದ್ದು ಮನೆಯ ಬೀಗದ ಕೈಯಿಂದ. ಅಪ್ಪ ಅದನ್ನು ಮರೆತು ಜೇಬಿನಲ್ಲೇ ಹಾಕಿಕೊಂಡು ಬಂದಿದ್ದ. ಅಮ್ಮ ಕೆಲಸ ಮುಗಿಸಿ ಬಂದು, ಬಾಗಿಲು ತೆರೆಯಲಾಗದೆ, ನಾವಿದ್ದ ಕಡೆಗೇ ನಡೆದುಕೊಂಡು ಬಂದಳು. ಹಲ್ಲಿನ ಡಾಕ್ಟರೊಬ್ಬರ ಹೊಸ ಕ್ಲಿನಿಕ್ಕು ಅದು. ಅವಳು ಒಳಗೆ ಬಂದಾಗ ನಾನು ಏಣಿಯ ತುದಿಯಲ್ಲಿ ನಿಂತು ಸೂರಿನ ಹತ್ತಿರ ತಂತಿ ಕೂಡಿಸುತ್ತಿದ್ದೆ. ಅಪ್ಪ ಕೆಳಗೆ ಏಣಿ ತಬ್ಬಿಕೊಂಡು, ಎಡಕ್ಕೆ, ಇನ್ನೂ ಎಡಕ್ಕೆ ಎಂದು ಹೇಳುತ್ತಿದ್ದ.

ಅಮ್ಮ ಕೂಗಾಡುತ್ತಾಳೆ ಎಂದುಕೊಂಡೆ. ಕೂಗಲಿಲ್ಲ. ಕೂಗಿದರೆ ನಾನು ಬೆಚ್ಚಿ ಬೀಳುತ್ತೇನೆ ಎಂದಿರಬೇಕು. ಮೆಲ್ಲಗೆ ಕೇಳಿದಳು, “ಎಷ್ಟು ದಿನದಿಂದ ನಡೀತಿದೆ ಇದು?”

“ಅವಳಿಗೆ ಇಷ್ಟ ಕಣೆ. ಕಲೀಲಿ ಅಂತ...” ಎಂದ ಅಪ್ಪ.

“ನಿಮ್ಮ ಕೈ ತೋರ್ಸಿ.”

ಅಪ್ಪ ಕೈಗಳನ್ನು ಜೇಬಿಗೆ ತುರುಕಿಕೊಂಡ. ಅಮ್ಮ ಹತ್ತಿರ ಹೋಗಿ ಒಂದೊಂದಾಗಿ ಹೊರಗೆಳೆದು ತನ್ನ ಕೈಯಲ್ಲಿ ಹಿಡಿದುಕೊಂಡಳು. ಇಡೀ ದಿನ ಇಸ್ತ್ರಿ ಒತ್ತಿ ಒತ್ತಿ ಗಟ್ಟಿಯಾದ ಕೈ ಅವಳದು. ಅವಳು ಎಷ್ಟು ಗಟ್ಟಿ ಹಿಡಿದರೂ ಅಪ್ಪನ ಕೈ ನಿಲ್ಲಲಿಲ್ಲ.

“ನಂಗೆ ಹೇಳೋಕೆ ಏನಾಗಿತ್ತು ನಿಮ್ಗೆ?”

“ನೀನು ಹೆದರ್ತಿದ್ದೆ.”

“ಈಗ ಹೆದರಿಲ್ವಾ ನಾನು? ಮಗು ಏಣಿ ಮೇಲಿದೆ, ಈಗ ಹೆದರಿಲ್ವಾ?”

ಅಮ್ಮ ತಲೆಯೆತ್ತಿ ನನ್ನ ಕಡೆ ನೋಡಿ, “ಇಳಿ ಕಂದಾ ಕೆಳಗೆ. ಹೋಗು, ಹೊರಗೆ ಆಡ್ಕೋ ಹೋಗು” ಎಂದಳು. ಇಳಿದೆ. ಹೊರಗೆ ಹೋದೆ. ಆಡುವುದು ಹೇಗೆಂದು ಮರೆತುಹೋಗಿತ್ತು. ಮೆಟ್ಟಿಲ ಮೇಲೆ ಕೂತು ರಸ್ತೆ ನೋಡಿದೆ. ಒಳಗಿನಿಂದ ಅಪ್ಪ ಅಳುವುದು ಕೇಳಿಸಿತು. ಅದೊಂದೇ ಸಲ ನಾನು ಅದನ್ನು ಕೇಳಿದ್ದು.

ಆಮೇಲಿನ ರಜೆಯಿಂದ, ಇಸ್ತ್ರಿ ಕೆಲಸದಲ್ಲಿ ಆ ದಿನ ಬಿಡುವು ಕೇಳಿಕೊಂಡು, ಅಪ್ಪನ ಜೊತೆ ಅಮ್ಮ ಹೊರಟಳು. ಮೊದಲ ದಿನ ಹೊರಡುವಾಗ ನನ್ನ ಮುಂದೆ ಕೈಯೊಡ್ಡಿ, “ಕೊಡೇ ಇಲ್ಲಿ, ಆ ಚಾಕು” ಎಂದಳು. ನಾನು ಅದನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಬೆನ್ನ ಹಿಂದೆ ಅಡಗಿಸಿದೆ. “ಕೊಡಲ್ಲ. ನಂದು ಅದು” ಎಂದೆ. ಅಷ್ಟು ದಿನ ಒಂದಕ್ಕೂ ಇಲ್ಲ ಎನ್ನದ ಹುಡುಗಿ ನಾನು. ಅಮ್ಮನಿಗೆ ಆಶ್ಚರ್ಯವಾಯಿತು. ಅಪ್ಪ ಮಾತ್ರ ಬಾಗಿಲಲ್ಲಿ ನಿಂತು, ಬಹಳ ತಿಂಗಳ ಮೇಲೆ, ಬಾಯ್ತುಂಬ ನಕ್ಕ. “ಅದು ಅವಳದ್ದು ಕಣೆ. ನಿಂಗೆ ದಾರೀಲಿ ಬೇರೆ ಕೊಡಿಸ್ತೀನಿ, ನಡಿ” ಎಂದ.

ಇಬ್ಬರೂ ಹೋದರು. ನಾನು ಮನೆಯಲ್ಲಿ ಒಬ್ಬಳೇ. ಚಾಕು ಬಿಚ್ಚಿದೆ. ಸುಲಿಯಲು ಏನೂ ಇರಲಿಲ್ಲ. ಬಚ್ಚಲಿಗೆ ಹೋಗಿ, ಅಮ್ಮ ಅಂದೇ ಇಟ್ಟಿದ್ದ ಹೊಸ ಸೋಪು ತಂದು ಒಂದು ಮೀನು ಕೆತ್ತಿದೆ. ಮೀನಿಗಿಂತ ಚಪ್ಪಲಿಯ ಹಾಗೆ ಕಾಣುತ್ತಿತ್ತು. ನೆಲದ ತುಂಬ ಸೋಪಿನ ಚೂರು. ಸಂಜೆ ಬೈಗುಳ ಸಿಕ್ಕಿತು, ಏನೂ ಅನ್ನಿಸಲಿಲ್ಲ. ನನ್ನ ಮೊದಲ ಚಾಕು ನನಗೆ ನಿಜವಾಗಿ ಸಿಕ್ಕಿದ್ದು ಅವತ್ತು ಎಂದೇ ನನ್ನ ಲೆಕ್ಕ. ಅದು ಈಗ ಇಲ್ಲ, ಯಾವುದೋ ಮನೆ ಬದಲಾಯಿಸುವಾಗ ಎಲ್ಲೋ ಹೋಯಿತು.

ನಮ್ಮ ಮದುವೆಯಲ್ಲಿ ಅಪ್ಪ ಕೈಗಳನ್ನು ಹಿಂದೆ ಕಟ್ಟಿಕೊಂಡೇ ನಿಂತಿದ್ದ. ‘ನಿಮ್ಮಪ್ಪನದು ಭಾರಿ ಗತ್ತು’ ಎಂದಿರಿ ನೀವು. ನಾನು ಹೌದು ಎಂದೆ.

ಇನ್ನು ನಮ್ಮ ವಿಷಯ. ನೀವು ಕೆಲಸಕ್ಕಿದ್ದ ಪ್ರಿಂಟಿಂಗ್ ಪ್ರೆಸ್ಸು ಮುಚ್ಚಿದ್ದಕ್ಕೆ ನನಗೆ ಸಿಟ್ಟು ಬರಲಿಲ್ಲ. ಅದು ಯಾರ ಕೈಯಲ್ಲೂ ಇರಲಿಲ್ಲ. ಆದರೆ ಅದನ್ನು ನನಗೆ ಹೇಳದೆ ನೀವು ದಿನಾ ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಹೊರಟಿರಿ, ಸಂಜೆ ದಣಿದವರ ಹಾಗೆ ಬಂದಿರಿ. ನಾನು ಎರಡು ಪಾಳಿ ದುಡಿದು ಬಂದವಳು ನಿಮಗೆ ಬಿಸಿನೀರು ಕಾಯಿಸಿ ಕೊಟ್ಟೆ. ನಿಮ್ಮ ಜೊತೆ ಕೆಲಸ ಮಾಡುತ್ತಿದ್ದ ಬೈಂಡರು ಮಗನ ಫೋಟೊಗೆ ಕಟ್ಟು ಹಾಕಿಸಲು ಬಂದು, “ಅಣ್ಣಂಗೆ ಎಲ್ಲಾದ್ರೂ ಕೆಲಸ ಸಿಕ್ತಾ ಅಕ್ಕಾ?” ಎಂದು ಕೇಳಿದಾಗ ಬ್ಲೇಡು ನನ್ನ ಕೈಯಲ್ಲೇ ಇತ್ತು. ರಟ್ಟು ಸೊಟ್ಟಗೆ ಹೋಯಿತು. ಅವತ್ತು ಮನೆಗೆ ಬಂದು ನಿಮಗೆ ಹೋಗಿ ಎಂದೆ. ಮದುವೆಯಾದಾಗಿನಿಂದ ನನ್ನ ಒಂದು ಮಾತನ್ನೂ ಒಂದೇ ಸಲಕ್ಕೆ ಕೇಳಿದವರಲ್ಲ ನೀವು. ಅದೊಂದನ್ನು ಕೇಳಿದಿರಿ.

ನಾನು ಹೆದರುತ್ತೇನೆಂದು ಮುಚ್ಚಿಟ್ಟದ್ದಾಗಿ ಹೇಳಿದಿರಿ. ಅದೇ ಮಾತು. ನನಗೆ ಮತ್ತೆ ಆ ಕ್ಲಿನಿಕ್ಕಿನ ಏಣಿಯ ಮೇಲೆ ನಿಂತ ಹಾಗಾಯಿತು.

ಚಾಕುವನ್ನು ನಾಳೆ ಬೆಳಿಗ್ಗೆ ಬುಗುರಿಗೆ ಕೊಡುತ್ತೇನೆ. ನಿಮ್ಮ ಚೀಟಿಯನ್ನು ಕೊಡುವುದಿಲ್ಲ. ಅದನ್ನು ಹರಿದುಹಾಕಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಈ ಚಾಕುವಿನಿಂದ ಒಂದು ತಿಂಗಳು ಯಾವ ಉಪಯೋಗದ ಕೆಲಸವನ್ನೂ ಮಾಡಕೂಡದು ಎಂದು ಅವಳಿಗೆ ಹೇಳುತ್ತೇನೆ. ತರಕಾರಿ ಹೆಚ್ಚಕೂಡದು, ನನ್ನ ರಟ್ಟು ಮುಟ್ಟಕೂಡದು. ಕಡ್ಡಿ ಕೆತ್ತಲಿ, ರಬ್ಬರು ಹಾಳು ಮಾಡಲಿ, ಬೇಕಾದರೆ ಸೋಪು ಹಾಳು ಮಾಡಲಿ. ಬೆರಳು ಕೊಯ್ದುಕೊಂಡರೆ ಪಟ್ಟಿ ಕಟ್ಟುತ್ತೇನೆ.

ಆದರೆ ಚಾಕು ಹಿಡಿಯುವುದನ್ನು, ಮಡಚುವುದನ್ನು, ಸಾಣೆ ಹಿಡಿಯುವುದನ್ನು ಕೊಟ್ಟವರೇ ಬಂದು ಕಲಿಸಬೇಕು. ಭಾನುವಾರ ಬನ್ನಿ. ನೀವು ಮನೆಯಲ್ಲಿ ಯಾಕಿಲ್ಲ ಎಂದು ಅವಳಿಗೆ ನೀವೇ ಹೇಳಿ, ಇದ್ದದ್ದು ಇದ್ದ ಹಾಗೆ. ಆ ಭಾರವನ್ನು ನಾನೊಬ್ಬಳೇ ಹೊರಲಾರೆ. ನಾನು ಸಿಟ್ಟಿನಲ್ಲಿ ಬರೆಯುತ್ತಿಲ್ಲ. ಸಿಟ್ಟು ಮಾಡಿಕೊಳ್ಳುವುದಕ್ಕೂ ತ್ರಾಣ ಬೇಕು, ಅದು ಮುಗಿದಿದೆ. ಮುಗಿದ ಮೇಲೆ ಉಳಿದದ್ದನ್ನಷ್ಟೇ ಬರೆದಿದ್ದೇನೆ.

ಇಷ್ಟು ಹೇಳಿ ಕೈ ಸೋತ,
ಬುಗುರಿಯ ಅಮ್ಮ

ಮರೆತ ಮಾತು: ಭಾನುವಾರ ಬರುವಾಗ ಬೆಳಿಗ್ಗೆಯೇ ಬನ್ನಿ. ಮಧ್ಯಾಹ್ನ ನಮ್ಮಮ್ಮ ಬರುತ್ತಾಳೆ. ಪ್ರೆಸ್ಸಿನವರು ನಿಮ್ಮನ್ನು ಬೇರೆ ಊರಿನ ಕೆಲಸಕ್ಕೆ ಹಾಕಿದ್ದಾರೆ, ಬಡ್ತಿಯೂ ಸಿಕ್ಕಿದೆ ಎಂದು ಇಷ್ಟು ದಿನವೂ ಅವಳಿಗೆ ಹೇಳಿಕೊಂಡು ಬಂದಿದ್ದೇನೆ. ಪಾಪ, ಹೆದರಿಕೊಳ್ಳುತ್ತಾಳೆ ಎಂದು. ಅದು ಸುಳ್ಳು ಎಂದು ನಾನೇ ಬಾಯಿಬಿಟ್ಟು ಹೇಳಬೇಕು. ಹೇಳುವಾಗ ನೀವು ಪಕ್ಕದಲ್ಲಿ ಕೂತಿರಿ. ಏನೂ ಮಾತಾಡಬೇಡಿ, ಸುಮ್ಮನೆ ಕೂತಿರಿ.