ಕೂಸಿನ ಲಿಂಗ ಮತ್ತು ಕೀಲ್ಪಾಕಿನ ಚೀಟಿ

ಕೀಲ್ಪಾಕ್, ಚೆನ್ನೈ
೧೪ ಜುಲೈ ೨೦೨೪

ಪ್ರೀತಿಯ ಅವ್ವನಿಗೆ ಜಗದೇವಿಯ ಶರಣು ಶರಣಾರ್ಥಿ.

ಕೂಸು, ನಾನು ಇಬ್ಬರೂ ಆರಾಮಾಗಿರುವುದು ಫೋನಿನಲ್ಲೇ ನಿನಗೆ ಗೊತ್ತಾಗಿದೆ. ಆದರೂ ಪತ್ರ ಏಕೆಂದರೆ, ಫೋನು ಬಂದರೆ ಅಪ್ಪ ಸ್ಪೀಕರ್ ಹಾಕುತ್ತಾನೆ. ಇದು ನಮ್ಮಿಬ್ಬರ ಮಾತು.

ಹೆರಿಗೆಗೆ ನಾಲ್ಕು ದಿನ ಮೊದಲು, ಪೋರೂರಿನ ನಮ್ಮ ಸಣ್ಣ ಆಸ್ಪತ್ರೆಯ ಜಯಲಕ್ಷ್ಮೀ ಡಾಕ್ಟರು ನನ್ನ ಬಿಪಿ ನೋಡಿ ಗಾಬರಿಯಾಗಿ, ಇವತ್ತೇ ಕೀಲ್ಪಾಕಿನ ದೊಡ್ಡಾಸ್ಪತ್ರೆಗೆ ಹೋಗೆಂದು ಚೀಟಿ ಕೊಟ್ಟಿದ್ದರು. ನಾನದನ್ನು ಜೋಳದ ಹಿಟ್ಟಿನ ಡಬ್ಬಿಯ ಕೆಳಗಿಟ್ಟೆ. ಕಳ್ಳನಿಗೊಂದು ಪಿಳ್ಳೆ ನೆವ ಅನ್ನುತ್ತಾರೆ, ನನ್ನ ಹತ್ತಿರ ಮೂರಿದ್ದವು. ನಿನ್ನ ಅಳಿಯನಿಗೆ ಎಲ್ಲ ಸರಿಯಿದೆ ಅಂದೆ. ಡಾಕ್ಟರು ಫೋನು ಮಾಡಿದಾಗ, ನನ್ನ ಗಂಡನಿಗೆ ಶೋಳಿಂಗನಲ್ಲೂರಿನ ಆಫೀಸಿನಲ್ಲಿ ರಜೆ ಸಿಗಲಿಲ್ಲ ಅಂದೆ. ಪಕ್ಕದ ಮನೆಯ ಕೋಮಲಾಗೆ, ಅಲ್ಲಿ ಹೋಗಿ ಮಾತಾಡಲು ನನಗೆ ತಮಿಳು ಬಾರದು ಅಂದೆ. ನಾನು ತರಕಾರಿಯವಳ ಜೊತೆ ತಮಿಳಿನಲ್ಲೇ ಜಗಳವಾಡುವುದನ್ನು ಅವಳು ದಿನಾ ಕೇಳುತ್ತಾಳೆ!

ಆ ಸಣ್ಣ ಆಸ್ಪತ್ರೆಯಲ್ಲಿ ಭೀಮಾಬಾಯಿ ಅಂತ ನಮ್ಮ ಕಡೆಯ ನರ್ಸ್ ಇದ್ದಾಳೆ. ಚೀಟಿ ಪಡೆದವರು ಹೋದರೋ ಇಲ್ಲವೋ ಎಂದು ವಿಚಾರಿಸುವುದು ಅವಳ ಕೆಲಸ. ನಾಲ್ಕನೆಯ ದಿನ ಮನೆಗೇ ಬಂದಳು. ಯಾಕೆ ಹೋಗಲಿಲ್ಲ ಎಂದು ಬೈಯಲಿಲ್ಲ. ಅಲ್ಲಿ ಹೋದ್ರ ಏನ್ ಮಾಡ್ತಾರಂತ ಅಂಜಿಕಿ ನಿನಗ, ಅದನ್ನಷ್ಟ ಹೇಳವಾ ಅಂದಳು. ನನಗೆ ಅಳು ಬಂದುಬಿಟ್ಟಿತು. ಅಳುತ್ತಲೇ ಎಲ್ಲ ಹೇಳಿದೆ.

ಎಂಟನೆಯ ತಿಂಗಳಲ್ಲಿ ನೀನು ಬಂದು, ಅಯ್ಯನವರನ್ನು ಕರೆಸಿ, ಹೊಟ್ಟೆಯ ಕೂಸಿನ ಇಷ್ಟಲಿಂಗವನ್ನು ನನ್ನ ಕೊರಳಿಗೆ ಕಟ್ಟಿಸಿದೆ. ಹೆರೂತನಕ ಮೈಮ್ಯಾಲಿಂದ ತಗೀಬ್ಯಾಡ, ಕೂಸಿಗೆ ಕೇಡು ಅಂದೆ. ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ನಿಗೆ ಮೊದಲು ಕೊರಳಲ್ಲಿರುವುದನ್ನೆಲ್ಲ ಬಿಚ್ಚಿಸಿ ಕವರಿಗೆ ಹಾಕುತ್ತಾರೆಂದು ನಾನು ಕೇಳಿದ್ದೆ.

ಭೀಮಾಬಾಯಿ ನಿಂತ ಕಾಲಲ್ಲೇ ಕೀಲ್ಪಾಕಿಗೆ ಫೋನು ಹಚ್ಚಿ, ಲಿಂಗ ಮೈಮೇಲೆಯೇ ಇರಬಹುದೇ ಎಂದು ಕೇಳಿದಳು. ಅಲ್ಲಿನ ಸಿಸ್ಟರು, ಕೈಲ ಕಟ್ಟಿ ಪ್ಲಾಸ್ಟರ್ ಪೋಟ್ಟುಡಲಾಂ, ಸೀಕ್ರಂ ವರಚ್ಚೊಲ್ಲುಂಗ ಅಂದರು, ಕೈಗೆ ಕಟ್ಟಿ ಪ್ಲಾಸ್ಟರ್ ಹಾಕಿದರಾಯಿತು, ಬೇಗ ಬರಹೇಳಿ ಅಂತ. ಎರಡು ನಿಮಿಷದ ಮಾತು! ಹೇಳಿದಂತೆಯೇ ಲಿಂಗವನ್ನು ಮಣಿಕಟ್ಟಿಗೆ ಕಟ್ಟಿ, ಮೇಲೆ ಪಟ್ಟಿ ಅಂಟಿಸಿ, ಅಂದೇ ಆಪರೇಷನ್ ಮಾಡಿದರು. ಇನ್ನೊಂದು ದಿನ ಕಾದಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ ಎಂದು ಆಮೇಲೆ ಹೇಳಿದರು.

ಈಗ ನನಗೆ ಹೊಸ ಚಟ ಹತ್ತಿದೆ. ಯಾಕೆ ಬಂದಿರಿ, ಯಾಕೆ ತಡಮಾಡಿದಿರಿ ಎಂದು ವಾರ್ಡಿನಲ್ಲಿ ಎಲ್ಲರನ್ನೂ ಕೇಳುತ್ತೇನೆ. ಒಬ್ಬಳು ಅತ್ತೆ ಬೇಡವೆಂದಳೆಂಬ ಹಟಕ್ಕೇ ಇಲ್ಲಿಗೆ ಬಂದಳಂತೆ. ಇನ್ನೊಬ್ಬಳು ಗಂಡಸು ಡಾಕ್ಟರಿಗೆ ನಾಚಿ, ಎರಡು ಸಲ ಬಸ್ ಸ್ಟಾಪಿನಿಂದಲೇ ತಿರುಗಿ ಹೋಗಿದ್ದಳಂತೆ. ಊರಿಗೆ ಹೇಳಿದ್ದು ಮಾತ್ರ ತಲೆನೋವು ಎಂದು. ಬಾಯಲ್ಲೊಂದು ಕಾರಣ, ಎದೆಯಲ್ಲೊಂದು, ಅವ್ವ.

ತೊಟ್ಟಿಲಿಗೆ ಬೇಗ ಬಾ.

ನಿನ್ನ ಮಗಳು,
ಜಗದೇವಿ

ತಾ.ಕ.: ನನಗಿಂತ ಮೊದಲು ಹುಟ್ಟಿ ಉಳಿಯದ ಅಣ್ಣನ ಮಾತು ಬಂದಾಗಲೆಲ್ಲ, ಗದಗಿನಿಂದ ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ಹೋಗಲು ಬಸ್ಸು ಸಿಗಲಿಲ್ಲ ಅನ್ನುತ್ತೀ. ನಮ್ಮ ಮನೆ ಬಸ್ ಸ್ಟ್ಯಾಂಡಿನ ಎದುರಿಗೇ ಇತ್ತಲ್ಲ ಅವ್ವ. ಬೈಯಲಿಕ್ಕೆ ಕೇಳುತ್ತಿಲ್ಲ. ಆಗ ನಿನ್ನನ್ನು ಯಾರೂ ಕೇಳಿರಲಿಕ್ಕಿಲ್ಲ ಅಂತ ಕೇಳುತ್ತಿದ್ದೇನೆ. ನೀನು ಏತಕ್ಕೆ ಅಂಜಿದ್ದೆ?