ಕುರಿದ್ವೀಪದಲ್ಲಿ ಒಂದು ಹಿಡಿ ಜಾಗ

ಹಿರೊಲಾ, ಫಿನ್‌ಲೆಂಡ್
ನವೆಂಬರ್ 4, 1978

ತೈಸ್ತೋ,

'ಪ್ರೀತಿಯ' ಎಂದು ಬರೆದು ಹೊಡೆದುಹಾಕಿದ್ದೇನೆ, ಕಂಡರೆ ಕಾಣಲಿ. ನಿನ್ನ ಕಾಗದ ತಲುಪಿತು. ಸ್ವೀಡನ್ನಿನ ಡಾಕ್ಟರು ಕ್ರಿಸ್‌ಮಸ್ಸಿನವರೆಗೆ ಎಂದಿದ್ದಾರಂತೆ. ನಿನ್ನ ಬೂದಿಯನ್ನು ನಮ್ಮ ಕುರಿದ್ವೀಪದಲ್ಲೇ ಹಾಕಬೇಕಂತೆ, ಅದಕ್ಕೆ ಜಾಗದ ಒಡೆಯರ ಒಪ್ಪಿಗೆ ಬರಹದಲ್ಲಿ ಬೇಕಂತೆ. ಇಷ್ಟು ವರ್ಷ ಒಂದು ಕಾರ್ಡು ಹಾಕದವನ ಅಕ್ಷರ ಇನ್ನೂ ಎಷ್ಟು ಮುದ್ದಾಗಿದೆ! ಒಪ್ಪಿಗೆ ಇಲ್ಲ. ಯಾಕೆಂದು ಹೇಳುತ್ತೇನೆ. ಹೇಗೂ ಮಲಗಿದ್ದೀಯ, ಓದಲು ಪುರುಸೊತ್ತಿದೆ.

'ನಮ್ಮ ದ್ವೀಪ' ಎಂದು ಬರೆದಿದ್ದೀಯ. ಅದು ಎಂದೂ ನಿನ್ನದಾಗಿರಲಿಲ್ಲ. ಆಸ್ತಿ ಪಾಲಾದಾಗ ಅಣ್ಣತಮ್ಮಂದಿರು ಹೊಲಗಳನ್ನೆಲ್ಲ ಇಟ್ಟುಕೊಂಡು, ನನ್ನಜ್ಜಿ ಲೊವೀಸಾಗೆ ಸರೋವರದ ನಡುವಿನ ಈ ಬಂಡೆಯನ್ನು ಕೊಟ್ಟು ಕೈತೊಳೆದುಕೊಂಡರು. "ನಿಂಗೆ ಇದೇ ಜಾಸ್ತಿ, ಹೋಗಿ ಹಕ್ಕಿ ಕಾಯಿ" ಅಂದರಂತೆ. ಅಜ್ಜಿ ಬೇಸಿಗೆಯಲ್ಲಿ ಕುರಿಗಳನ್ನು ದೋಣಿಯಲ್ಲಿ ತಂದು ಇಲ್ಲಿ ಬಿಡುತ್ತಿದ್ದಳು. ಬೇಲಿ ಬೇಡ, ಕಾವಲು ಬೇಡ. ಒಂದು ವರ್ಷ ಅಜ್ಜ ಕುಡಿದು ಮೈಮರೆತು, ಅವುಗಳನ್ನು ವಾಪಸು ತರುವುದು ತಡವಾಯಿತು. ನೀರು ಹೆಪ್ಪುಗಟ್ಟತೊಡಗಿತು. ದೋಣಿ ಮುಂದೆ ಹೋಗದು, ಕಾಲಿಟ್ಟರೆ ಒಡೆಯುವುದು. ಅಜ್ಜಿ ದಿನಾ ಗಂಡನನ್ನು ದಡಕ್ಕೆ ಎಳೆದೊಯ್ದು ನಿಲ್ಲಿಸಿದಳು. "ಕೇಳಿಸ್ಕೋ. ಕಿವಿ ಮುಚ್ಚಿದ್ರೆ ಕೈ ಮುರೀತೀನಿ." ಕುರಿಗಳ ಕೂಗು ಪೂರ್ತಿ ನಿಂತ ಮೇಲೆಯೇ ಅವನಿಗೆ ಊಟ ಹಾಕಿದ್ದು. ನಮ್ಮ ಮನೆಯ ಹೆಂಗಸರ ಮರುಕ ಅಷ್ಟೇ, ತೈಸ್ತೋ.

ಅಮ್ಮನ ಕಾಲಕ್ಕೆ ಕುರಿಗಳು ಹೋಗಿ ಮರದ ಮನೆ ಬಂತು. ನೀನು ಬಂದ ಮೇಲೆ ಸೌನಾ. ಬೆವರುಸ್ನಾನದ ಆ ಬಿಸಿಕೋಣೆಯನ್ನು ನೀನು ಚೆನ್ನಾಗಿ ಕಟ್ಟಿದೆ, ಸುಳ್ಳು ಹೇಳುವುದಿಲ್ಲ. ಅದರೊಳಗೆ ಕೂತು ಬರ್ಚ್ ಸೊಪ್ಪಿನಿಂದ ನಿನ್ನ ಬೆನ್ನಿಗೆ ಬಡಿಯುತ್ತಿದ್ದಾಗ, ನನ್ನಷ್ಟು ಸುಖಿ ಇನ್ನೊಬ್ಬಳಿಲ್ಲ ಅಂದುಕೊಂಡಿದ್ದೆ.

ಆಮೇಲೆ ಆ ನವೆಂಬರ್. ಮಗಳು ಮಿರ್ಯಾಗೆ ನಾಲ್ಕು ವರ್ಷ. ಹಿಟ್ಟು, ಸೀಮೆಎಣ್ಣೆ ತರುತ್ತೇನೆಂದು ನೀನು ಇದ್ದ ಒಂದೇ ದೋಣಿಯಲ್ಲಿ ಹೋದೆ. ಮರುದಿನವೇ ನೀರು ಹೆಪ್ಪುಗಟ್ಟತೊಡಗಿತು. ಒಣಮೀನು ಬೇಯಿಸಿಕೊಂಡು, ಅದೂ ಮುಗಿದಾಗ ಅದರ ಸಾರಿಗೆ ನೀರು ಬೆರೆಸಿಕೊಂಡು ಕುಡಿದೆವು. ಅಪ್ಪ ದಡದಲ್ಲೇ ನಿಂತು ಕಾಯುತ್ತಿದ್ದಾರೆ ಎಂದು ಮಗುವಿಗೆ ಹೇಳಿದೆ. ನಾನೂ ನಂಬಿದೆ. ಮಂಜುಗಡ್ಡೆ ಗಟ್ಟಿಯಾದ ಮೇಲೆ ಆಚೆ ದಡದ ಎಸ್ಕೋ ಜಾರುಬಂಡಿಯಲ್ಲಿ ಹಿಟ್ಟು ಎಳೆದುಕೊಂಡು ಬಂದ. "ಐಸಿಗ್ಯಾಕೆ ಬಯ್ತೀಯ ಐಲಿ? ಅದು ಕಟ್ಟೋಕೆ ಮುಂಚೇನೇ ನಿನ್ ಗಂಡ ರೈಲು ಹತ್ತಿದ್ನಲ್ಲ, ಪೋಸ್ಟಾಫೀಸಿನ ಹುಡ್ಗಿ ಜೊತೆ!"

ಅಂದೇ ಕೊಡಲಿ ತೆಗೆದುಕೊಂಡು, ದೋಣಿ ಕಟ್ಟುವಲ್ಲಿನ ಪೈನ್ ಮರದ ಕೆಳಗಿನ ಕೊಂಬೆಗಳನ್ನೆಲ್ಲ ಸವರಿದೆ. ಸತ್ತವರಿಗೆ ನಾವು ಮಾಡುವ ಗುರುತು ನಿನಗೆ ಗೊತ್ತಲ್ಲ: ತೊಗಟೆ ಬಿಡಿಸಿ ಶಿಲುಬೆ, ಹೆಸರಿನ ಅಕ್ಷರ, ಹುಟ್ಟಿದ ವರ್ಷ, ಹೋದ ವರ್ಷ. ಮನೆಗೆ ಮರಳಲು ಹೊರಟ ಸತ್ತವನು ಅದನ್ನು ಓದಿ, ತಾನಿನ್ನು ಇಲ್ಲಿಯವನಲ್ಲ ಎಂದು ತಿಳಿದು ಹಿಂದಿರುಗಬೇಕು. ಉಸಿರಾಡುವವನಿಗೆ ಹಾಗೆ ಕೆತ್ತುವುದು ಪಾಪ ಎಂದು ಪಾದ್ರಿಗಳು ರೇಗಿದರು. ಕೆತ್ತಿದೆ. ಈಗ ಅದೇ ಮರ ದಾಟಿಸಿ ನಿನ್ನ ಡಬ್ಬಿಯನ್ನು ಒಳಗೆ ತರಲೇ? ಸ್ವೀಡನ್ನಿನ ಮಣ್ಣು ಮೆತ್ತಗಿದೆಯಂತೆ, ಅಲ್ಲೇ ಇರು. ನೋವು ಜಾಸ್ತಿಯಾದರೆ ನರ್ಸನ್ನು ಕರೆ. ದ್ವೇಷಿಸುವುದಾದರೆ ನನ್ನೊಬ್ಬಳನ್ನೇ ದ್ವೇಷಿಸು.

ಇನ್ನೂ ನಿನ್ನ ಮನೆತನದ ಹೆಸರನ್ನೇ ಹೊತ್ತಿರುವ,
ಐಲಿ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ದ್ವೀಪ ಈಗ ನನ್ನದಲ್ಲ. ಹೋದ ವಸಂತದಲ್ಲಿ ಮಿರ್ಯಾಳ ಹೆಸರಿಗೆ ಬರೆದುಕೊಟ್ಟೆ. ನಿನ್ನ ಕಾಗದ ಬಂದ ದಿನವೇ ಅವಳ ಬಳಿ ಹೋಗಿ, ಒಂದು ಹಿಡಿ ಜಾಗ ಕೊಡು ಎಂದು ನಿನ್ನ ಪರವಾಗಿ ಬೇಡಿಕೊಂಡೆ, ಕಣ್ಣೀರೂ ಹಾಕಿದೆ. ಅವಳಿಗೆ ಇಬ್ಬರು ಮಕ್ಕಳು, ನಿನಗೆ ಗೊತ್ತಿಲ್ಲ. ಮೀನು ಹೆರೆಯುತ್ತಿದ್ದವಳು ತಲೆ ಎತ್ತದೆ ಹೇಳಿದಳು: "ಬೇಡಮ್ಮ. ಬೇಸಿಗೇಲಿ ಮಕ್ಕಳು ಅಲ್ಲಿ ಆಡ್ತಾರೆ."